ಲಿಂಟಲ್ ಮಟ್ಟಕ್ಕೆ ನಿಂತ ಮನೆಗಳು

ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳರಸ್ತೆಗಳಲ್ಲಿ ಓಡಾಡುವವರು ಸರ್ಕಾರದ ಸಹಾಯಧನದಲ್ಲಿ ಶುರುವಾಗಿ ಅರ್ಧಕ್ಕೇ ನಿಂತ ಮನೆಗಳನ್ನು ನೋಡಿಯೇ ಇರುತ್ತೀರಿ. ಜಂಬಿಟ್ಟಿಗೆಯ ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಗಳ ಮೇಲಿನ ಅಡ್ಡಪಟ್ಟಿಯವರೆಗೆ, ಬಂದು ನಿಂತಿದೆ. ಕಂಬಿಗಳು ತುಕ್ಕು ಹಿಡಿದಿವೆ, ಕಲ್ಲಿನ ಮೇಲೆ ಪಾಚಿ ಕಟ್ಟಿದೆ, ಅಡುಗೆಮನೆ ಆಗಬೇಕಿದ್ದ ಮೂಲೆಯಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದೆಮಟ್ಟ ಬೆಳೆದಿದೆ. ಪಕ್ಕದಲ್ಲೇ ಟಾರ್ಪಾಲು ಹೊದಿಸಿದ ಗುಡಿಸಲಿನಲ್ಲಿ ಸಂಸಾರ ಸಾಗುತ್ತಿದೆ.

ಬಡವರಿಗೆ ದುಡ್ಡು ಕೊಟ್ಟರೆ ಬೇರೆಯದಕ್ಕೆ ಖರ್ಚು ಮಾಡುತ್ತಾರೆ ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಲೆಕ್ಕ ನೋಡಿ ಮಾತಾಡಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ರಾಜ್ಯಗಳ ಮನೆಗೆ 1.30 ಲಕ್ಷ ಎಂದು ನಿಗದಿ ಮಾಡಿತು. ಕರ್ನಾಟಕ ಬಯಲಿನ ಪಟ್ಟಿಗೆ ಸೇರಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯ ಮನೆಗೂ ಅದೇ 1.20 ಲಕ್ಷ. ಮೇಲಾಗಿ ಹಣ ಬರುವುದು ಕಂತಿನಲ್ಲಿ. ಒಂದು ಹಂತ ಮುಗಿದು ಫೋಟೊ ಅಪ್‌ಲೋಡ್ ಆಗದೆ ಮುಂದಿನ ಕಂತು ಇಲ್ಲ. ಆ ಹಂತ ಮುಗಿಸುವ ದುಡ್ಡನ್ನು ಕೂಲಿಯವರು ಎಲ್ಲಿಂದ ತರಬೇಕು?

ಇನ್ನೊಂದು ಸಂಗತಿ ಬೆಂಗಳೂರಿನಲ್ಲಿ ಕೂತು ನಿಯಮ ಬರೆಯುವವರಿಗೆ ಹೊಳೆಯುವುದೇ ಇಲ್ಲ. ಮಲೆನಾಡಿನಲ್ಲಿ ಮನೆ ಕಟ್ಟಲು ಸಾಧ್ಯವಿರುವುದು ದೀಪಾವಳಿ ಕಳೆದ ಮೇಲೆ, ಮುಂಗಾರು ಹಿಡಿಯುವುದರೊಳಗೆ. ಅಡಿಕೆ ಕೊಯ್ಲು, ಸುಲಿತ ನಡೆಯುವುದೂ ಆಗಲೇ. ವರ್ಷದ ದುಡಿಮೆಯ ದೊಡ್ಡ ಪಾಲು ಕೈಗೆ ಬರುವ ತಿಂಗಳುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿ ಬಿಟ್ಟು ತಮ್ಮ ಮನೆಗೆ ಕಲ್ಲು ಹೊರಬೇಕು. ಒಂದೇ ಒಂದು ಸಣ್ಣ ಮನೆಗೆಂದು ಮೇಸ್ತ್ರಿ ಅಷ್ಟು ದೂರ ಬರುವುದಿಲ್ಲ. ಅರ್ಧ ಲೋಡ್ ಕಲ್ಲಿಗೂ ಲಾರಿಯ ಪೂರ್ತಿ ಬಾಡಿಗೆ ತೆರಬೇಕು.

ಆದ್ದರಿಂದ ನಾನು ಹೇಳುವುದು ಇಷ್ಟೇ: ಮನೆ ಮಂಜೂರು ಮಾಡುವುದು ಒಬ್ಬೊಬ್ಬರಿಗೆ ಬೇಡ, ಇಡೀ ಕೇರಿಗೆ ಆಗಲಿ. ಒಂದು ಕೇರಿಯ ಹತ್ತು ಮನೆಗಳಿಗೆ ಒಂದೇ ವರ್ಷ ಮಂಜೂರಾತಿ ಸಿಕ್ಕರೆ ಕಲ್ಲು, ಸಿಮೆಂಟು, ಹೆಂಚನ್ನು ಮಹಿಳಾ ಸ್ವಸಹಾಯ ಸಂಘಗಳು ಸೇರಿದ, ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದ ಹೆಂಗಸರೇ ಒಟ್ಟಿಗೆ ಖರೀದಿಸಬಹುದು. ಒಂದೇ ಗಾರೆ ತಂಡ ಮನೆಯಿಂದ ಮನೆಗೆ ಹೋಗಬಹುದು. ಕೈಯಾಳಿನ ಕೆಲಸಕ್ಕೆ ಮನೆಯವರು ಸರದಿಯಂತೆ ನಿಂತರೆ ಯಾರೂ ಪೂರ್ತಿ ಸುಗ್ಗಿಯ ಕೂಲಿ ಕಳೆದುಕೊಳ್ಳಬೇಕಿಲ್ಲ.

ಇದು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಂತೆ ಆಳಾಗಿ ಹೋಗುವ ನಮ್ಮ ಮುಯ್ಯಾಳು ಪದ್ಧತಿಯೇ ಅಲ್ಲವೇ ಎನ್ನುತ್ತೀರಿ. ಹೌದು. ಆದರೆ ಮುಯ್ಯಿ ತೀರಿಸಿಕೊಂಡವರು ಹೆಚ್ಚಾಗಿ ಗದ್ದೆಯಿದ್ದವರು. ಭೂಮಿಯಿಲ್ಲದವರ ಮನೆಗೆ ಮುಯ್ಯಾಳು ಹೋದವರು ಎಷ್ಟು ಮಂದಿ? ಆ ಹಳೆಯ ಅನ್ಯಾಯ ಮರುಕಳಿಸದಿರಬೇಕಾದರೆ ಸರದಿಯ ಲೆಕ್ಕ ಪುಸ್ತಕದಲ್ಲಿ ಇರಬೇಕು. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ 1968ರ ವಸತಿ ಕಾನೂನು ಇಂಥ ಪರಸ್ಪರ ದುಡಿಮೆಯ ಸಹಕಾರ ಸಂಘಗಳಿಗೆ ಮಾನ್ಯತೆ ಕೊಟ್ಟಿತು. ಅಲ್ಲಿ ಪ್ರತಿ ಕುಟುಂಬವೂ ವಾರಕ್ಕೆ ಇಂತಿಷ್ಟು ಗಂಟೆ ದುಡಿಯಲೇಬೇಕು. ಸರ್ಕಾರ ಸಾಲ ಕೊಡುವುದೂ ಸಂಘಕ್ಕೇ.

ಜಾಗದ ಪ್ರಶ್ನೆ ಇನ್ನೂ ಕಠಿಣವಾದದ್ದು. ವಿದ್ಯುತ್ತಿಗೆಂದು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ 1960ರ ದಶಕದಲ್ಲಿ ಮನೆಮಠ ಮುಳುಗಿಸಿಕೊಂಡು ಬಂದವರಲ್ಲಿ ಬಹಳ ಕುಟುಂಬಗಳು ಅರಣ್ಯವೆಂದು ದಾಖಲಾದ ನೆಲದ ಮೇಲೇ ಇವೆ. ಹಕ್ಕುಪತ್ರವಿಲ್ಲದೆ ಮನೆ ಮಂಜೂರಾಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದವರಿಂದ 2005ಕ್ಕೆ ಹಿಂದಿನ 75 ವರ್ಷಗಳ ವಾಸದ ಸಾಕ್ಷ್ಯ ಕೇಳುತ್ತದೆ. ನಾಡಿಗೆ ಬೆಳಕು ಕೊಡಲು ಊರನ್ನೇ ಬಿಟ್ಟವರು ಅದನ್ನು ಎಲ್ಲಿಂದ ತರಬೇಕು? 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ಎದುರು ಒಟ್ಟಾಗಿ ನಿಂತ ಜಿಲ್ಲೆಯಿದು. ಇಲ್ಲಿ ಇಂದು ಒಬ್ಬೊಬ್ಬರೇ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾರೆ.

ಫಲಾನುಭವಿಗಳ ಪಟ್ಟಿಗೆ ಒಪ್ಪಿಗೆ ಕೊಡುವುದು ಗ್ರಾಮಸಭೆ. ಮುಂದಿನ ಸಭೆಗೆ ಕೇರಿಯವರೆಲ್ಲ ಒಟ್ಟಿಗೆ ಹೋಗಿ. ನಮ್ಮ ಹೆಸರುಗಳನ್ನು ಒಂದೇ ವರ್ಷಕ್ಕೆ ಹಾಕಿ, ಮೊದಲ ಕಂತನ್ನು ದೀಪಾವಳಿಗೆ ಮೊದಲು ಕೊಡಿ ಎಂದು ಕೇಳಿ. ಕೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ.