ನೂರು ಮೀಟರ್ ಎಲ್ಲಿಂದ ಶುರು? ಸ್ಮಾರಕದ ನೆರೆಯಲ್ಲಿ ಮನೆ ಕಟ್ಟುವವರಿಗೆ

ಎಲ್ಲರಿಗೂ ನಮಸ್ಕಾರ.

ಊರಿನ ಹಳೆಯ ಗುಡಿಯ ಹತ್ತಿರ ಜಾಗ ಇರುವವರು ಮನೆಗೆ ಅನುಮತಿ ಕೇಳುತ್ತಾರೆ, ತಿಂಗಳುಗಟ್ಟಲೆ ಕಾಯುತ್ತಾರೆ. ಕೊನೆಗೆ ಅರ್ಜಿ ತಿರಸ್ಕಾರವಾದ ಕಾಗದ ಬಂದಾಗ ಮೊದಲು ಕೇಳುವ ಮಾತು, 'ಗುಡಿಯಿಂದ ನಮ್ಮ ಜಾಗ ಅಷ್ಟು ದೂರ ಇದೆಯಲ್ಲ?' ಎಂದು. ದೂರ ಇರುವುದು ನಿಜವೇ. ಆದರೆ ಅವರು ಟೇಪು ಹಿಡಿದದ್ದು ಗುಡಿಯ ಗೋಡೆಯಿಂದ. ಕಾನೂನು ಟೇಪು ಹಿಡಿಯುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ಬಹಳಷ್ಟು ಅರ್ಜಿಗಳ ಹಣೆಬರಹ ಇಲ್ಲಿಯೇ ತೀರ್ಮಾನವಾಗಿರುತ್ತದೆ.

ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ವಿಶ್ವ ಪರಂಪರೆಯ ಪಟ್ಟ ಸಿಕ್ಕಿದ್ದರೂ ಸಿಗದಿದ್ದರೂ ಇದು ಒಂದೇ. ಸೋಮನಾಥಪುರಕ್ಕೆ ಆ ಪಟ್ಟ ಬಂದದ್ದು 2023ರಲ್ಲಿ. ನೂರು ಮೀಟರಿನ ಗೆರೆ ಅದಕ್ಕಿಂತ ಎಷ್ಟೋ ಮೊದಲಿನದು. ರಾಜ್ಯ ಇಲಾಖೆಯ ಸ್ಮಾರಕಗಳಿಗೆ 1961ರ ಬೇರೆ ಕಾಯ್ದೆಯಿದೆ, ಹಂಪಿಗೆ 2002ರ ಕಾಯ್ದೆಯಡಿ ಪ್ರತ್ಯೇಕ ಪ್ರಾಧಿಕಾರವೂ ಇದೆ. ಹಾಗಾಗಿ ಗುಡಿ ಯಾರ ಪಟ್ಟಿಯಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಒಂದು ಲೆಕ್ಕ ಹಾಕೋಣ. ಗುಡಿಯ ಸಂರಕ್ಷಿತ ಆವರಣ 60 ಮೀಟರ್ ಉದ್ದ, 60 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅದರ ಸುತ್ತ ನಿಷೇಧಿತ ಪ್ರದೇಶವೇ ಸುಮಾರು 13 ಎಕರೆ 28 ಗುಂಟೆಯಾಗುತ್ತದೆ. ಸಣ್ಣ ಹಳ್ಳಿಯಾದರೆ ಅರ್ಧ ಊರೇ ಅದರೊಳಗೆ ಬರಬಹುದು. ಐಹೊಳೆಯಂಥ ಊರಲ್ಲಿ ಮನೆಗಳ ನಡುವೆಯೇ ಗುಡಿಗಳಿವೆ. ಒಂದರ ನೂರು ಮೀಟರ್ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗಿರುತ್ತದೆ. ಅಲ್ಲಿ ನಿಮ್ಮ ಜಾಗಕ್ಕೆ ತೀರಾ ಹತ್ತಿರದ ಗುಡಿಯೊಂದನ್ನೇ ಅಳೆದರೆ ಸಾಲದು.

ಆದ್ದರಿಂದ ಜಾಗ ಕೊಳ್ಳುವ ಮೊದಲೇ ಹದ್ದುಬಸ್ತು ಮಾಡಿಸಿ. ಸಂರಕ್ಷಿತ ಪ್ರದೇಶದ ನಕಾಶೆಯನ್ನು ಪುರಾತತ್ವ ಇಲಾಖೆಯಲ್ಲಿ ಕೇಳಿ ನೋಡಿ. ಗುಡಿಗೆ ಬೇಲಿಯಿದ್ದರೆ ಅದೇ ಗಡಿ ಎಂದು ನಂಬಬೇಡಿ. ಗಡಿ ಬೇಲಿಯಾಚೆಗೂ ಚಾಚಿರಬಹುದು. ಜಾಗದ ಒಂದು ಪಾಲು ಗೆರೆಯ ಒಳಗೆ, ಉಳಿದದ್ದು ಹೊರಗೆ ಇದ್ದರೆ ಮನೆಯ ನಕ್ಷೆ ಪೂರ್ತಿ ಹೊರಗಿನ ಪಾಲಿನಲ್ಲೇ ಕೂರಬೇಕು, ಮೆಟ್ಟಿಲೂ ಸೇರಿ.

ಇನ್ನು ಶಬ್ದಗಳ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಬಡವರಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. ನಿರ್ಮಾಣ, ಪುನರ್ನಿರ್ಮಾಣ, ದುರಸ್ತಿ-ನವೀಕರಣ ಎಂದು ಕಾಯ್ದೆ ಮೂರು ಬಗೆ ಮಾಡುತ್ತದೆ. ಇದ್ದ ಮನೆಯ ಮೇಲೆ ಒಂದು ಕೋಣೆ ಏರಿಸಿದರೂ, ಪಕ್ಕಕ್ಕೆ ಬಚ್ಚಲು ಚಾಚಿದರೂ ಅದು ನಿರ್ಮಾಣ. ಮನೆ ಕೆಡವಿ ಅದೇ ಪಾಯದ ಮೇಲೆ ಅಷ್ಟೇ ಎತ್ತರಕ್ಕೆ ಕಟ್ಟಿದರೆ ಪುನರ್ನಿರ್ಮಾಣ. ನಿಷೇಧಿತ ಪ್ರದೇಶದಲ್ಲಿ ಮನೆಯವರು ಅನುಮತಿ ಕೇಳಬಹುದಾದದ್ದು ದುರಸ್ತಿ-ನವೀಕರಣಕ್ಕೆ ಮಾತ್ರ. ಅದೂ ಆ ಮನೆ 1992ರ ಜೂನ್ 16ಕ್ಕೆ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಇಲಾಖೆಯ ಒಪ್ಪಿಗೆ ಪಡೆದು ಕಟ್ಟಿದ್ದಾಗಿರಬೇಕು.

ಹೀಗಾಗಿ ಜಂತಿ ಹುಳ ತಿಂದ ಮೇಲ್ಮುದ್ದೆಯ (ಮಣ್ಣಿನ ಮಾಳಿಗೆಯ) ಮನೆಯನ್ನು 'ಹೇಗೂ ಹಳೆಯದು' ಎಂದು ಪೂರ್ತಿ ಕೆಡವಿದವರು, ದುರಸ್ತಿಗೆ ಇದ್ದ ಹಕ್ಕನ್ನೂ ಗೋಡೆಯ ಜೊತೆಗೇ ಕೆಡವಿದಂತಾಗುತ್ತದೆ. ಗೋಡೆ ನಿಂತಿರುವಾಗಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ, ಅಳತೆ ಬರೆಸಿ, ಹಳೆಯ ಮನೆ ಕಂದಾಯದ ರಸೀದಿ, ವಿದ್ಯುತ್ ಬಿಲ್ಲು ಜೋಡಿಸಿಡಿ. ಜಂತಿ, ತೊಲೆಗಳನ್ನು ಒಂದೊಂದಾಗಿ ಬದಲಿಸುತ್ತೇವೆ ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೆ ನೀರು ನುಗ್ಗಿತ್ತು. ಅಂಥ ನೆರೆಯಲ್ಲಿ ಗೋಡೆ ಕುಸಿದವರಿಗೆ ಈ ಶಬ್ದಭೇದ ಎಷ್ಟು ಕಠಿಣ ಎಂದು ಯೋಚಿಸಿ. ಕಾಯ್ದೆಯ ಈ ಭಾಗ ಮನುಷ್ಯರನ್ನು ಸಾಕಷ್ಟು ನೋಡಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಿಯಂತ್ರಿತ ಪ್ರದೇಶದಲ್ಲಿ ಹೊಸ ಮನೆಗೆ ದಾರಿಯಿದೆ. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂಥ ಅರ್ಜಿಗಳಿಗೆಂದೇ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ, ಹೋಗುತ್ತದೆ. ಅದು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಆ ಪ್ರಾಧಿಕಾರಕ್ಕೆ ಶಿಫಾರಸು ತಿಳಿಸಲು ಎರಡು ತಿಂಗಳು, ಆಮೇಲೆ ಸಕ್ಷಮ ಪ್ರಾಧಿಕಾರದ ಆದೇಶಕ್ಕೆ ಒಂದು ತಿಂಗಳು. ನಿರಾಕರಿಸುವುದಾದರೆ ನಿಮ್ಮ ಮಾತು ಹೇಳಲು ಅವಕಾಶ ಕೊಟ್ಟು, ಲಿಖಿತವಾಗಿ ತಿಳಿಸಬೇಕು. ಆ ಅವಕಾಶವನ್ನು ಕೈಬಿಡಬೇಡಿ.

ಇಲ್ಲಿ ಮುಗ್ಗರಿಸುವುದು ಎತ್ತರದಲ್ಲಿ. ಎರಡಂತಸ್ತಿನ ಮನೆಗೆ ಪಾಯಕಟ್ಟು 2 ಅಡಿ, ತಾರಸಿಯ ದಪ್ಪವೂ ಸೇರಿ ಅಂತಸ್ತುಗಳು 21 ಅಡಿ, ಒಟ್ಟು 23, ಅಂದರೆ 7 ಮೀಟರ್ ಎಂದು ಬರೆದುಕೊಡುತ್ತಾರೆ. ತಾರಸಿಯ ಮೇಲೆ ಮೆಟ್ಟಿಲ ಕೋಣೆ 8 ಅಡಿ, ಅದರ ಮೇಲೆ ನೀರಿನ ಟ್ಯಾಂಕು 5 ಅಡಿ ಸೇರಿಸಿದರೆ 36 ಅಡಿ, ಸುಮಾರು 11 ಮೀಟರ್. ಅನುಮತಿ ಪತ್ರದಲ್ಲಿ ಬರುವ ಎತ್ತರ ಟ್ಯಾಂಕಿನ ನೆತ್ತಿಯವರೆಗಿನದು. ಟ್ಯಾಂಕನ್ನು ತಾರಸಿಯ ಮೇಲೆಯೇ, ಗುಡಿಗೆ ಕಾಣದ ಮೂಲೆಯಲ್ಲಿ ಕೂರಿಸಿ, ಮೆಟ್ಟಿಲ ಕೋಣೆ ಬಿಟ್ಟರೆ ಎಷ್ಟೋ ತಕರಾರು ತಾನಾಗಿ ಕಳೆಯುತ್ತದೆ.

ಪಂಚಾಯತಿ ಲೈಸೆನ್ಸು, ಇ-ಸ್ವತ್ತು, ಭೂಪರಿವರ್ತನೆಯ ಆದೇಶ, ಬ್ಯಾಂಕಿನ ಸಾಲ: ಎಲ್ಲ ಕೈಯಲ್ಲಿದ್ದರೂ ಈ ಅನುಮತಿಗೆ ಬದಲಿಯಲ್ಲ. ಅರ್ಜಿ ಹಾಕಿ, ಉತ್ತರ ಬರುವ ಮೊದಲೇ ಪಾಯ ತೋಡುವುದು ದೊಡ್ಡ ತಪ್ಪು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಣ್ಣುಮುಚ್ಚಿ ಬಿಟ್ಟ ಅಧಿಕಾರಿಗೂ ಶಿಕ್ಷೆಯಿದೆ.

ಇಷ್ಟು ಬಿಗಿ ಯಾಕೆ? ಗುಡಿಯ ಚಂದ ಕಾಣಲಿ ಎಂದಷ್ಟೇ ಅಲ್ಲ. ಪಾಯ ತೋಡುವ ಮಣ್ಣಿನಡಿ ಏನಿದೆ ಎಂದು ಮೇಲಿನಿಂದ ತಿಳಿಯದು. ಹಳೇಬೀಡಿನ ನಗರೇಶ್ವರದ ದಿಬ್ಬ ಅಗೆದಾಗ ಗುಡಿಗಳ ತಳಗಳೇ ಹೊರಬಂದವು. ಜೆಸಿಬಿ ಒಮ್ಮೆ ಎತ್ತಿ ಹಾಕಿದರೆ ಅಂಥ ಕುರುಹು ಮತ್ತೆ ಕೂಡಿಕೊಳ್ಳುವುದಿಲ್ಲ.

ಆದರೂ ಎಲ್ಲ ಊರಿಗೂ ಒಂದೇ ಅಳತೆ ಸರಿಯಲ್ಲ. ಪ್ರತಿ ಸ್ಮಾರಕಕ್ಕೂ ಎತ್ತರ, ಮುಂಭಾಗ, ಮಾಡು ಹೇಗಿರಬೇಕೆಂದು ಹೇಳುವ ಪಾರಂಪರಿಕ ಉಪವಿಧಿ ಮಾಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದರ ಕರಡು ಪ್ರಕಟವಾದಾಗ ಸಾರ್ವಜನಿಕರು 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ನಿಮ್ಮ ಊರಿನ ಕರಡು ಬಂದರೆ ಗ್ರಾಮಸಭೆಯಲ್ಲಿ ಓದಿಸಿ. ಎಷ್ಟು ಮನೆಗಳು ಗೆರೆಯೊಳಗಿವೆ, ಎಷ್ಟಕ್ಕೆ ಶೌಚಾಲಯವಿಲ್ಲ, ಎಷ್ಟರ ಮಾಳಿಗೆ ಸೋರುತ್ತಿದೆ ಎಂದು ಸರ್ವೆ ನಂಬರಿನ ಸಮೇತ ಪಟ್ಟಿ ಮಾಡಿ, ಪಂಚಾಯತಿ ಠರಾವಿನೊಂದಿಗೆ ಕಳಿಸಿ.