ಬಾಡಿಗೆ ಮನೆಯ ಬೀಗ ಮತ್ತು ಕಾನೂನು

ಮಾನ್ಯರೇ,

ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಾಗಲಿ, ಮಂಡಿಪೇಟೆಯ ಮಳಿಗೆಯಾಗಲಿ, ಬಾಡಿಗೆಯ ತಕರಾರು ವಕೀಲರ ಬಳಿಗೆ ಬರುವ ಹೊತ್ತಿಗೆ ಮಾಲೀಕರು ಸಾಮಾನ್ಯವಾಗಿ ಒಂದು ಮಾತು ಆಡಿಯೇ ಬಂದಿರುತ್ತಾರೆ: "ಮನೆ ನಂದು, ಬೀಗ ಹಾಕ್ತೀನಿ, ಕೇಳೋರು ಯಾರು?" ಖಾತೆ, ಕ್ರಯಪತ್ರ, ಕಂದಾಯದ ರಸೀದಿ ಎಲ್ಲವೂ ಅವರ ಹೆಸರಿನಲ್ಲಿಯೇ ಇರುತ್ತವೆ, ಸ್ವಾಧೀನ ಮಾತ್ರ ಬಾಡಿಗೆದಾರನದಾಗಿರುತ್ತದೆ, ಮತ್ತು ಕಾನೂನು ಮೊದಲು ರಕ್ಷಿಸುವುದು ಆ ಸ್ವಾಧೀನವನ್ನೇ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಪ್ರಕರಣದಂತೆ (ಸೆಕ್ಷನ್ನಿನಂತೆ), ಒಪ್ಪಿಗೆಯಿಲ್ಲದೆ ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವಾ ಹೂಡಿದರೆ, ಮನೆ ಯಾರದೆಂಬ ಪ್ರಶ್ನೆಗೆ ಹೋಗದೆಯೇ ನ್ಯಾಯಾಲಯವು ಸ್ವಾಧೀನವನ್ನು ಮರಳಿ ಕೊಡಿಸಬಹುದು. ಆ ಡಿಕ್ರಿಯ, ಅಂದರೆ ದಾವೆಯಲ್ಲಿ ನ್ಯಾಯಾಲಯ ಕೊಡುವ ಅಂತಿಮ ಆದೇಶದ, ಮೇಲೆ ಮೇಲ್ಮನವಿಯೂ ಇಲ್ಲ. ಬಾಡಿಗೆಯಲ್ಲದೆ ಕೇವಲ ಬಳಸಲು ಕೊಟ್ಟ ಪರವಾನಗಿಯ ಅವಧಿ ಮುಗಿದಿದ್ದರೂ ನೆಲೆಯೂರಿ ಇರುವವನನ್ನು ಕಾನೂನಿನ ಮಾರ್ಗದಿಂದಲೇ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಕೃಷ್ಣ ರಾಮ್ ಮಹಾಲೆ ಮೊಕದ್ದಮೆಯಲ್ಲಿ ಹೇಳಿತು. ಕರೆಂಟು, ನೀರು ಕಡಿದು ಒತ್ತಡ ಹೇರುವುದು ಜಾಣತನವೆಂದು ತಿಳಿದವರು ತಮ್ಮ ದಾವೆಯನ್ನು ತಾವೇ ದುರ್ಬಲಗೊಳಿಸಿಕೊಳ್ಳುತ್ತಾರೆ.

ಯಾವ ಕಾನೂನು ಅನ್ವಯಿಸುತ್ತದೆ? 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಊರಿನ ದರ್ಜೆಗೆ ತಕ್ಕಂತೆ ತಿಂಗಳ ಬಾಡಿಗೆ 3,500 ಅಥವಾ 2,000 ರೂಪಾಯಿ ಮೀರಿದರೆ ಅದು ಅನ್ವಯಿಸುವುದಿಲ್ಲ. 14 ಚದರ ಮೀಟರಿಗಿಂತ ದೊಡ್ಡ ಮಳಿಗೆಗಳೂ ಅದರ ಹೊರಗೆ. ಇಂದಿನ ಬಾಡಿಗೆಯ ದರದಲ್ಲಿ ಹೆಚ್ಚಿನವರು 1882ರ ಸ್ವತ್ತು ವರ್ಗಾವಣೆ ಕಾಯ್ದೆಗೇ ಬಂದು ನಿಲ್ಲುತ್ತಾರೆ.

ಆ ಕಾಯ್ದೆಯಲ್ಲಿ ಮುಖ್ಯವಾದುದು ಬಾಡಿಗೆಯನ್ನು ಕೊನೆಗೊಳಿಸುವ 106ನೇ ಪ್ರಕರಣದ ನೋಟಿಸು. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಗೆ ಹದಿನೈದು ದಿನ, ಕೃಷಿ ಅಥವಾ ಉತ್ಪಾದನೆಯ ಉದ್ದೇಶದ ಗೇಣಿಗೆ ಆರು ತಿಂಗಳು. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಎಲ್ಲವೂ ಮುಗಿಯಿತೆಂದು ಅನೇಕರು ನಂಬಿದ್ದಾರೆ. ಅವಧಿ ತೀರಿದ ಮೇಲೂ ಬಾಡಿಗೆ ಪಡೆಯುತ್ತಾ ಹೋದರೆ ಬಾಡಿಗೆ ಸಂಬಂಧ ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ, ನೋಟಿಸು ಮತ್ತೆ ಬೇಕಾಗುತ್ತದೆ. ನೋಟಿಸು ಕೊಟ್ಟ ನಂತರದ ಬಾಡಿಗೆಯನ್ನು ಏನೂ ಬರೆಯದೆ ಸ್ವೀಕರಿಸಿದರೆ, ಮಾಲೀಕರು ನೋಟಿಸನ್ನೇ ಬಿಟ್ಟುಕೊಟ್ಟರೆಂದು 113ನೇ ಪ್ರಕರಣದಡಿ ವಾದ ಏಳಬಹುದು. ಆದ್ದರಿಂದ ರಸೀದಿಯಲ್ಲಿ "ಹಕ್ಕಿಗೆ ಬಾಧೆ ಬಾರದಂತೆ ಪಡೆದಿದೆ" ಎಂದು ಬರೆಯುವುದು ಒಳ್ಳೆಯದು.

ಇನ್ನು, ನೋಟಿಸಿಗೂ ಬಾಡಿಗೆದಾರ ಬಿಡದಿದ್ದಾಗ ಮಾಲೀಕರು ದಾವಾ ಹೂಡಿ ಪಡೆಯುವ ಡಿಕ್ರಿ. ಡಿಕ್ರಿ ಸಿಕ್ಕ ದಿನವೇ ಕೀಲಿಕೈ ಸಿಗುವುದಿಲ್ಲ; ಬಾಡಿಗೆದಾರ ತಾನಾಗಿ ಬಿಡದಿದ್ದರೆ ಡಿಕ್ರಿಯನ್ನು ಜಾರಿಗೆ ತರಲು ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ ಹನ್ನೆರಡು ವರ್ಷಗಳ ಕಾಲಮಿತಿಯಿದೆ. ಅಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ವಿಲೇವಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ನಿರ್ದೇಶಿಸಿತು. ಮೂರನೆಯವರು ಬಾಗಿಲಲ್ಲಿ ನಿಂತು ತಮ್ಮ ಹಕ್ಕನ್ನು ಹೇಳಿದರೆ, ಅದನ್ನೂ ಅದೇ ನ್ಯಾಯಾಲಯವೇ ತೀರ್ಮಾನಿಸಬೇಕು.

ಬೀಗ ಒಡೆಯುವ ಅಧಿಕಾರ ಕೊನೆಗೂ ವಾರಂಟು ಹಿಡಿದು ಬರುವ ಅಮೀನರದು, ಅಂದರೆ ನ್ಯಾಯಾಲಯದ ಆದೇಶ ಜಾರಿಮಾಡುವ ಸಿಬ್ಬಂದಿಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮವು ಆ ಅಧಿಕಾರವನ್ನು ಕೊಡುವಾಗಲೇ ಒಂದು ಷರತ್ತನ್ನೂ ಇಟ್ಟಿದೆ: ಒಳಗೆ ಸಂಪ್ರದಾಯದಂತೆ ಹೊರಗೆ ಕಾಣಿಸಿಕೊಳ್ಳದ ಹೆಂಗಸರಿದ್ದರೆ, ಮೊದಲು ಎಚ್ಚರಿಕೆ ಕೊಟ್ಟು, ಅವರು ಸರಿದುಹೋಗಲು ಅನುಕೂಲ ಮಾಡಿಕೊಟ್ಟು, ಆಮೇಲಷ್ಟೇ ಚಿಲಕಕ್ಕೆ ಕೈಹಾಕಬೇಕು.