ವಸಡಿನೊಳಗಿನ ಜಗಳ

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ಹಲ್ಲುಜ್ಜುವಾಗ ಉಗುಳಿನಲ್ಲಿ ರಕ್ತ ಕಂಡರೆ ನಾವೇನು ಮಾಡುತ್ತೇವೆ? ಬ್ರಷ್ ಒರಟಾಯ್ತು ಅಂದುಕೊಂಡು ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತೇವೆ. ನೋವಿಲ್ಲವಲ್ಲ! ವಸಡಿನ ಕಾಯಿಲೆಯ ಕಿಲಾಡಿತನ ಇರುವುದೇ ಅಲ್ಲಿ. ಹಲ್ಲು ಅಲುಗಾಡುವ ಹೊತ್ತಿಗೆ ಅದನ್ನು ಹಿಡಿದಿದ್ದ ದವಡೆ ಮೂಳೆ ಬಹಳಷ್ಟು ಕರಗಿ ಹೋಗಿರುತ್ತದೆ.

ಆ ಮೂಳೆ ತಿಂದವರು ಯಾರು? ಬ್ಯಾಕ್ಟೀರಿಯಾ ಅಂತೀರಿ, ಅಲ್ವಾ? ಪೂರ್ತಿ ಸರಿಯಲ್ಲ. ಹಲ್ಲಿನ ಬುಡಕ್ಕೆ ಅಂಟಿಕೊಂಡ ಪ್ಲಾಕ್ ಎಂಬ ಜಿಗುಟು ಪದರದಲ್ಲಿರುವ ಬ್ಯಾಕ್ಟೀರಿಯಾ ಕಾಲು ಕೆರೆದು ಜಗಳಕ್ಕೆ ಬರುತ್ತವೆ, ನಿಜ. ಆದರೆ ಮನೆ ಕೆಡವುವುದು ಹೆಚ್ಚಾಗಿ ನಮ್ಮದೇ ದೇಹ. ಕಾಯಲು ಓಡಿ ಬಂದ ಬಿಳಿ ರಕ್ತಕಣಗಳು ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಸುರಿಯುತ್ತವೆ. ಹಲ್ಲನ್ನು ಮೂಳೆಗೆ ಕಟ್ಟಿದ ನಾರುಗಳೇ ಕೊಲಾಜೆನ್. ಜೊತೆಗೆ ಪ್ರೋಸ್ಟಾಗ್ಲಾಂಡಿನ್‌ನಂಥ ಉರಿಯೂತದ ರಾಸಾಯನಿಕಗಳು ಏರುತ್ತವೆ. ಆಗ ಆಸ್ಟಿಯೋಕ್ಲಾಸ್ಟ್ ಅನ್ನುವ ಜೀವಕೋಶಗಳು ಎದ್ದು ಮೂಳೆ ಕರಗಿಸಲು ಕೂರುತ್ತವೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಸಿಗರೇಟು ಸೇದುವವರಲ್ಲಿ ಈ ಹಾನಿ ಜಾಸ್ತಿ. ಸೇದುವವರಿಗೆ ಇನ್ನೊಂದು ಮೋಸವಿದೆ: ಅವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ, ಹಾಗಾಗಿ ಕಾಯಿಲೆ ಇರುವುದೇ ಗೊತ್ತಾಗುವುದಿಲ್ಲ.

ಹಾಗಾದರೆ ಉರಿಯೂತವನ್ನೇ ಇಳಿಸಿದರೆ? 1980ರ ದಶಕದಲ್ಲಿ ಫ್ಲರ್ಬಿಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟು ನೋಡಿದರು. ಮೂಳೆ ಕರಗುವ ವೇಗ ತಗ್ಗಿತು. ಆದರೆ ಇಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಹಲ್ಲು ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳುವುದು ಯಾವ ಲೆಕ್ಕ?

ನನಗೆ ಇಷ್ಟವಾದದ್ದು ಡಾಕ್ಸಿಸೈಕ್ಲಿನ್ ಕಥೆ. ಅದು ಟೆಟ್ರಾಸೈಕ್ಲಿನ್ ಎಂಬ ಗುಂಪಿನ ಹಳೆಯ ಆಂಟಿಬಯಾಟಿಕ್. ಆ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾ ಬೆಳೆಯದಂತೆ ಹತ್ತಿಕ್ಕುವುದಷ್ಟೇ ಅಲ್ಲ, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನೂ ತಡೆಯುತ್ತವೆ ಎಂದು ಅಮೆರಿಕದ ಲೋರ್ನ್ ಗೋಲಬ್ ಮತ್ತು ಜೊತೆಗಾರರು 1983ರಲ್ಲಿ ತೋರಿಸಿದರು. ಹಾಗಾಗಿ ಬ್ಯಾಕ್ಟೀರಿಯಾಕ್ಕೆ ತಟ್ಟದಷ್ಟು ಸಣ್ಣ ಪ್ರಮಾಣದಲ್ಲಿ, ಅಂದರೆ 20 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಕೆಲವು ತಿಂಗಳು ಕೊಡುವ ಚಿಕಿತ್ಸೆ ಬಂತು. 1998ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು. ಲಾಭವಿದೆ, ಆದರೆ ಪವಾಡವೇನಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಬೇಡ.

ಒಮೆಗಾ 3 ಕೊಬ್ಬಿನಿಂದ ದೇಹ ತಾನೇ ತಯಾರಿಸುವ ರೆಸಾಲ್ವಿನ್‌ಗಳ ಮೇಲೂ ಸಂಶೋಧನೆ ನಡೆದಿದೆ. ಉರಿಯೂತಕ್ಕೆ ‘ಸಾಕು, ನಿಲ್ಲು’ ಅನ್ನುವ ವಸ್ತುಗಳು ಅವು. ಮೊಲಗಳಲ್ಲಿ ಒಳ್ಳೆಯ ಫಲ ಕಂಡಿದೆ. ಹಾಗಂತ ನಾಳೆಯೇ ಮೀನೆಣ್ಣೆ ಮಾತ್ರೆ ತಂದಿಟ್ಟುಕೊಳ್ಳಬೇಡಿ.

ಇಂಥ ಔಷಧಿಗಳು ಸ್ಕೇಲಿಂಗ್, ಅಂದರೆ ಹಲ್ಲು ಕೆರೆದು ಶುಚಿ ಮಾಡುವ ಚಿಕಿತ್ಸೆಯ ಜೊತೆಗೆ ಕೊಡುವಂಥವು, ಅದರ ಬದಲಿಗಲ್ಲ. ಗಟ್ಟಿಯಾದ ಕಿಟ್ಟ ಬ್ರಷ್ಷಿಗೆ ಜಗ್ಗುವುದಿಲ್ಲ, ಅದನ್ನು ಡಾಕ್ಟರೇ ಕೆರೆದು ತೆಗೆಯಬೇಕು. ಆಗ ಅವರು ಹಲ್ಲು, ವಸಡಿನ ನಡುವಿನ ಸಂದಿಯನ್ನು ಸಣ್ಣ ಕಡ್ಡಿಯಿಂದ ಅಳೆದು ಒಂದೊಂದೇ ಅಂಕಿ ಹೇಳುತ್ತಾರೆ. ಕಿವಿಗೊಟ್ಟು ಕೇಳಿ. 3 ಮಿಲಿಮೀಟರ್ ಒಳಗಿದ್ದರೆ ಸರಿ. 5, 6 ಅಂದರೆ, ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಉಳಿದಿದೆ ಎಂದು ಅಲ್ಲೇ ಕೂತು ಕೇಳಿ. ನಮಸ್ಕಾರ.